ಹಗಲು ಉದ್ದವಾಯ್ತು, ಚಳಿ ಯಾಕೆ ಹೋಗಿಲ್ಲ?

ಪ್ರಶ್ನೆ: ನಮ್ಮ ಮನೆಯವರು ನಾಲ್ಕು ದಿಕ್ಕಿಗೆ ಹಂಚಿಹೋಗಿದ್ದೇವೆ. ಭಾನುವಾರ ಎಲ್ಲರೂ ಫೋನಿನಲ್ಲಿ ಸಿಕ್ಕಾಗ ಮೊದಲ ಮಾತು ಹವೆಯದೇ. ಅಕ್ಕ ಇರುವುದು ಹಿಮ ಬೀಳುವ ಉತ್ತರದ ಊರಿನಲ್ಲಿ. "ಬಿಸಿಲು ಬಂದಿದೆ, ಆದರೂ ಚಳಿ ಜನವರಿಗಿಂತ ಜಾಸ್ತಿ" ಅನ್ನುತ್ತಾಳೆ. ಭಾವನ ತಮ್ಮ ಇರುವುದು ಕಡಲ ತೀರದಲ್ಲಿ. ಅಲ್ಲಿ ಮೋಡ, ಜಿಟಿಜಿಟಿ, ಬೂದು ಆಕಾಶ. ನಾನಿರುವುದು ಬಿಸಿ ಸೀಮೆಯಲ್ಲಿ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್. ದಕ್ಷಿಣಾರ್ಧ ಗೋಳದಲ್ಲಿರುವ ಚಿಕ್ಕಪ್ಪನ ಮಗ "ನನಗೆ ಚಳಿಗಾಲದ ಕೊನೆ ಅಂದರೆ ಆಗಸ್ಟ್" ಅನ್ನುತ್ತಾನೆ. ಡಿಸೆಂಬರ್ 21ರ ನಂತರ ಹಗಲು ಬೆಳೆಯುತ್ತದೆ ಎಂದು ಓದಿದ್ದೇವೆ. ಹಾಗಿದ್ದರೆ ಫೆಬ್ರವರಿಯಲ್ಲೂ ಚಳಿ ಯಾಕೆ? ನಡುವೆ ಒಂದು ವಾರ ಬೆಚ್ಚಗಾದರೆ ಚಳಿಗಾಲ ಮುಗಿಯಿತು ಅಂದುಕೊಳ್ಳಬಹುದಾ? ನಾವು ನೋಡಿದ್ದನ್ನು ಬರೆದಿಡಬೇಕು ಅಂದರೆ ಏನನ್ನು ಬರೆಯಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿಯಾಯಿತು. ನಾಲ್ಕು ಊರಿನಿಂದ ಒಂದೇ ದಿನ ಹವೆಯ ಸುದ್ದಿ ಸಿಗುವುದು ಸಣ್ಣ ವಿಷಯವಲ್ಲ. ಹವಾಮಾನದ ನಕ್ಷೆ ಹುಟ್ಟಿದ್ದೇ ಹೀಗೆ. ಬೇರೆ ಬೇರೆ ಕಡೆ ಇರುವವರು ಒಂದೇ ಹೊತ್ತಿಗೆ ನೋಡಿದ್ದನ್ನು ಒಂದು ಕಾಗದದ ಮೇಲೆ ತಂದರೆ ಸಾಕು, ನಕ್ಷೆ ಶುರುವಾಗುತ್ತದೆ.

ಮೊದಲು ದೊಡ್ಡ ಪ್ರಶ್ನೆ. ಹಗಲು ಬೆಳೆದರೂ ಚಳಿ ಯಾಕೆ ಹೋಗಿಲ್ಲ? ಇದಕ್ಕೆ ಉತ್ತರ ಒಂದೇ ದಿನದೊಳಗೆ ಸಿಗುತ್ತದೆ. ದಿನದಲ್ಲಿ ಅತಿ ಹೆಚ್ಚು ಚಳಿ ಯಾವಾಗ? ನಡುರಾತ್ರಿ ಎಂದು ತುಂಬ ಜನ ಹೇಳುತ್ತಾರೆ. ಆದರೆ ಗಾಳಿ ಇಲ್ಲದ, ಆಕಾಶ ತಿಳಿಯಾದ ದಿನ ಥರ್ಮಾಮೀಟರ್ ನೋಡುತ್ತಾ ಕೂತರೆ ಗೊತ್ತಾಗುತ್ತದೆ: ಅತಿ ಕಡಿಮೆ ತಾಪಮಾನ ಬರುವುದು ಸೂರ್ಯ ಹುಟ್ಟುವ ಹೊತ್ತಿಗೆ, ಎಷ್ಟೋ ಸಲ ಹುಟ್ಟಿದ ಸ್ವಲ್ಪ ಹೊತ್ತಿನ ಮೇಲೆ. ರಾತ್ರಿಯಿಡೀ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಲೇ ಇರುತ್ತದೆ. ಸೂರ್ಯ ಬಂದ ಕೂಡಲೇ ಅದು ನಿಲ್ಲುವುದಿಲ್ಲ. ಓರೆ ಬಿಸಿಲಿನಿಂದ ಬರುವ ಜಮೆಗಿಂತ ನೆಲದ ಖರ್ಚು ಇನ್ನೂ ಜಾಸ್ತಿ ಇರುತ್ತದೆ. ಜಮೆ ಖರ್ಚನ್ನು ದಾಟಿದ ಮೇಲೆ ಮಾತ್ರ ತಾಪಮಾನ ಏರಲು ಶುರು. ಮಧ್ಯಾಹ್ನ ಹನ್ನೆರಡಕ್ಕಿಂತ ಎರಡು, ಮೂರು ಗಂಟೆಗೆ ಸೆಕೆ ಹೆಚ್ಚಿರುವುದಕ್ಕೂ ಇದೇ ಲೆಕ್ಕ.

ಇಡೀ ವರ್ಷವನ್ನು ಒಂದು ದಿನ ಎಂದುಕೊಳ್ಳಿ. ಡಿಸೆಂಬರ್ 21 ಅದರ ನಡುರಾತ್ರಿ. ಜನವರಿ ಮತ್ತು ಫೆಬ್ರವರಿ ಅದರ ನಸುಕು. ಬೆಳಕು ಬಂದಿರುತ್ತದೆ, ನೆಲ ಇನ್ನೂ ಕಾದಿರುವುದಿಲ್ಲ.

ಈ ನಸುಕು ಎಷ್ಟು ಉದ್ದ ಎನ್ನುವುದು ಊರಿಂದ ಊರಿಗೆ ಬೇರೆ. ನಿಮ್ಮ ಮನೆಯವರ ನಾಲ್ಕು ಉತ್ತರ ನಾಲ್ಕು ರೀತಿ ಇರುವುದು ಇದರಿಂದಲೇ. ಕಾಲ ಕೆಳಗೆ ಏನಿದೆ ಎಂದು ನೋಡಬೇಕು. ಬರೀ ಮಣ್ಣಾ, ಹಿಮವಾ, ನೀರಾ? ದೊಡ್ಡ ಭೂಖಂಡಗಳ ಒಳನಾಡಿನಲ್ಲಿ ಅತಿ ಹೆಚ್ಚು ಚಳಿ ಬರುವುದು ಡಿಸೆಂಬರ್ 21 ಕಳೆದು ಸಾಮಾನ್ಯವಾಗಿ ಮೂರು, ನಾಲ್ಕು ವಾರಕ್ಕೆ. ಸಮುದ್ರ ಇನ್ನೂ ನಿಧಾನ. ಅದು ಬಿಸಿಯಾಗುವುದೂ ಆರುವುದೂ ತಡ. ಉತ್ತರಾರ್ಧ ಗೋಳದ ಸಮುದ್ರಗಳು ಅತಿ ತಣ್ಣಗಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆರ್ಕ್‌ಟಿಕ್ ಸಮುದ್ರದ ಮಂಜುಗಡ್ಡೆ ವರ್ಷದಲ್ಲೇ ಅತಿ ಹೆಚ್ಚು ಹರಡಿರುವುದು ಮಾರ್ಚ್‌ನಲ್ಲಿ. ಅಷ್ಟು ಹೊತ್ತಿಗೆ ಹಗಲು ಬೆಳೆಯಲು ಶುರುವಾಗಿ ಹತ್ತಿರ ಹತ್ತಿರ ಮೂರು ತಿಂಗಳಾಗಿರುತ್ತದೆ!

ಈಗ ನಿಮ್ಮ ಅಕ್ಕನ ಊರು. ಅವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬಿಸಿಲು ನಿಜವಾಗಿಯೂ ಬಂದಿರುತ್ತದೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ನಗರವನ್ನೇ ತೆಗೆದುಕೊಳ್ಳಿ. ಅದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಗೂ ಕಡಿಮೆ. ಫೆಬ್ರವರಿ 20ರ ಹೊತ್ತಿಗೆ ಸುಮಾರು ಹತ್ತು ಗಂಟೆ. ದಿನಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಬೆಳೆಯುತ್ತದೆ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ ಆರೂವರೆ ಡಿಗ್ರಿ ಮೇಲೆ ಬಂದರೆ ಹೆಚ್ಚು. ಫೆಬ್ರವರಿ 20ಕ್ಕೆ ಸುಮಾರು 19 ಡಿಗ್ರಿ. ಕಣ್ಣು ಕುಕ್ಕುವಷ್ಟು ಬೆಳಕು.

ಆದರೆ ಆ ಬೆಳಕು ಬೀಳುವುದು ಹಿಮದ ಮೇಲೆ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ವಾಪಸ್ ಕಳಿಸಿಬಿಡುತ್ತದೆ. ಉಳಿದ ಸ್ವಲ್ಪ ಶಾಖವೂ ಗಾಳಿಯನ್ನು ಬೆಚ್ಚಗೆ ಮಾಡಲು ಸಿಗುವುದಿಲ್ಲ, ಹಿಮ ಕರಗಿಸುವುದಕ್ಕೇ ಖರ್ಚಾಗುತ್ತದೆ. ಈ ಖರ್ಚು ಎಷ್ಟು ದೊಡ್ಡದು ಗೊತ್ತಾ? ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯಲ್ಲೇ ನೀರು ಮಾಡಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ನೆಲದ ಮೇಲೆ ಹಿಮ ಇರುವ ತನಕ ಸೂರ್ಯನ ದುಡಿಮೆಯೆಲ್ಲ ಅದರ ಪಾಲು. ಮೇಲಾಗಿ ಫೆಬ್ರವರಿಯಲ್ಲಿ ಅಲ್ಲಿ ಎಷ್ಟೋ ದಿನ ಆಕಾಶ ತಿಳಿಯಾಗಿರುತ್ತದೆ. ಮೋಡ ರಾತ್ರಿಗೆ ಕಂಬಳಿಯ ಹಾಗೆ. ಅದಿಲ್ಲದ ರಾತ್ರಿ ಶಾಖ ತಡೆಯಿಲ್ಲದೆ ಹೋಗಿಬಿಡುತ್ತದೆ.

ಅತಿ ಚಳಿಯ ದಾಖಲೆಗಳನ್ನು ನೋಡಿದರೆ ಅಕ್ಕನ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಸೈಬೀರಿಯಾದ ವೆರ್ಖೊಯಾನ್ಸ್ಕ್‌ನಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿದ್ದು 1892ರ ಫೆಬ್ರವರಿಯಲ್ಲಿ. ಒಯ್ಮ್ಯಾಕೊನ್‌ನಲ್ಲಿ ಮೈನಸ್ 67.7 ಬಂದಿದ್ದು 1933ರ ಫೆಬ್ರವರಿ 6ರಂದು. ಕೆನಡಾದ ಯೂಕಾನ್ ಸೀಮೆಯ ಸ್ನ್ಯಾಗ್‌ನಲ್ಲಿ ಮೈನಸ್ 63 ಬಂದಿದ್ದು 1947ರ ಫೆಬ್ರವರಿ 3ರಂದು. ಮೂರೂ ಫೆಬ್ರವರಿಯೇ. ಸೂರ್ಯ ವಾಪಸ್ ಹೊರಟು ಆರು, ಏಳು ವಾರ ಆದ ಮೇಲೆ.

ಅಕ್ಕನ ಊರಿನಲ್ಲಿ ಬಿಸಿಲಿನ ಕೆಲಸ ಥರ್ಮಾಮೀಟರ್‌ಗಿಂತ ಮೊದಲು ಕಣ್ಣಿಗೆ ಕಾಣುತ್ತದೆ. ಅದನ್ನು ನೋಡಲು ಹೇಳಿ. ಮರದ ಬುಡದ ಸುತ್ತ ಹಿಮ ಮೊದಲು ಕರಗಿ ಬಳೆಯ ಹಾಗೆ ನೆಲ ಕಾಣುತ್ತದೆ. ಕಾಂಡದ ಬಣ್ಣ ಗಾಢ. ಅದು ಬಿಸಿಲು ಹೀರಿಕೊಂಡು ಪಕ್ಕದ ಹಿಮಕ್ಕೆ ಶಾಖ ಕೊಡುತ್ತದೆ. ಮಾಡಿನ ಅಂಚಿನಿಂದ ಮಂಜುಗಡ್ಡೆಯ ಕೋಲುಗಳು ಉದ್ದುದ್ದ ಇಳಿಬೀಳುವುದೂ ಈ ಕಾಲದಲ್ಲೇ ಜಾಸ್ತಿ. ಗಾಳಿ ಸೊನ್ನೆಗಿಂತ ಕೆಳಗಿದ್ದರೂ ಮಾಡಿನ ಮೇಲಿನ ಹಿಮ ಬಿಸಿಲಿಗೆ ಕರಗುತ್ತದೆ. ಆ ನೀರು ನೆರಳಿನ ಅಂಚಿಗೆ ಬಂದು ಮತ್ತೆ ಗಟ್ಟಿಯಾಗುತ್ತದೆ. ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲಿ ಹುಲ್ಲು ಕಂಡಿರುತ್ತದೆ, ಅದೇ ಗುಡ್ಡದ ಹಿಂಬದಿ ಇನ್ನೂ ಬೆಳ್ಳಗಿರುತ್ತದೆ. ರಸ್ತೆಯಲ್ಲಿ ಹೊಸ ಗುಂಡಿಗಳು ಬೀಳುತ್ತವೆ. ಹಗಲು ಕರಗಿದ ನೀರು ಬಿರುಕಿಗೆ ಇಳಿದು, ರಾತ್ರಿ ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ದಿನಾ ಹೀಗೇ ಆದರೆ ಯಾವ ರಸ್ತೆ ತಡೆದೀತು?

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಗಾಳಿ ಅಲ್ಲಾಡದ ಚಳಿಯ ಬೆಳಿಗ್ಗೆ ದೂರದ ರೈಲಿನ ಸದ್ದು, ನಾಯಿ ಬೊಗಳುವುದು ಪಕ್ಕದಲ್ಲೇ ಆದಂತೆ ಕೇಳಿಸುತ್ತದೆ, ಅಲ್ವಾ? ಆಗ ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಇರುತ್ತದೆ. ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ಹೊಗೆಯೂ ಅಷ್ಟೇ. ನೇರ ಮೇಲೇರದೆ ಒಂದು ಎತ್ತರಕ್ಕೆ ಹೋಗಿ ಚಾಪೆಯಂತೆ ಹರಡಿ ನಿಲ್ಲುತ್ತದೆ. ಇದು ಎಲ್ಲ ಸೀಮೆಯಲ್ಲೂ ಕಾಣುವಂಥದ್ದು. ನಿಮ್ಮ ಬಿಸಿ ಸೀಮೆಯಲ್ಲೂ ಸೂರ್ಯ ಹುಟ್ಟುವ ಹೊತ್ತಿಗೆ ನೋಡಿ.

ಕಡಲ ತೀರದ ಕತೆ ಬೇರೆ. ಅಲ್ಲಿ ಕಡು ಚಳಿಯೂ ಇಲ್ಲ, ಬೇಗ ಬೆಚ್ಚಗಾಗುವುದೂ ಇಲ್ಲ. ನೀರು ಎರಡನ್ನೂ ತಡೆಯುತ್ತದೆ. ಫೆಬ್ರವರಿಯಲ್ಲಿ ಸಮುದ್ರ ತನ್ನ ಅತಿ ತಣ್ಣನೆಯ ಹಂತದಲ್ಲಿರುವುದರಿಂದ ಅದರ ಮೇಲಿಂದ ಬೀಸುವ ಗಾಳಿ ತೇವವನ್ನು ತರುತ್ತದೆ, ಬಿಸಿಯನ್ನು ತರುವುದಿಲ್ಲ. ಬೂದು ಆಕಾಶ ಮತ್ತು ಜಿಟಿಜಿಟಿ ಅದರಿಂದಲೇ. ಇಷ್ಟಾದರೂ ಎಲ್ಲ ತೀರವೂ ಒಂದೇ ತರಹ ಇರುವುದಿಲ್ಲ. ಗಾಳಿ ಎತ್ತಲಿಂದ ಬರುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಜಪಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೊತ್ತುಕೊಂಡು ಬಂದು ನೀಗಾಟಾ ಕಡೆಯ ತೀರದಲ್ಲಿ ರಾಶಿ ರಾಶಿ ಹಿಮ ಸುರಿಸುತ್ತದೆ. ನಡುವಿನ ಬೆಟ್ಟ ದಾಟುವಷ್ಟರಲ್ಲಿ ಆ ಗಾಳಿ ಒಣಗಿಹೋಗಿರುತ್ತದೆ. ಹಾಗಾಗಿ ಅದೇ ದಿನ ಟೋಕಿಯೊದಲ್ಲಿ ತಿಳಿ ಆಕಾಶ, ಒಣ ಬಿಸಿಲು. ಟೋಕಿಯೊಗೆ ಹಿಮ ಬರುವುದು ಎಷ್ಟೋ ಸಲ ಚಳಿಗಾಲದ ಕೊನೆಯಲ್ಲಿ, ದಕ್ಷಿಣದ ಸಮುದ್ರದ ಮೇಲೆ ವಾಯುಭಾರ ಕುಸಿತ ಹಾದುಹೋದಾಗ. ಫೆಬ್ರವರಿ ಆರಂಭ ಕಳೆದ ಮೇಲೆ ಮೊದಲ ಸಲ ಜೋರಾಗಿ ಬೀಸುವ ದಕ್ಷಿಣದ ಬೆಚ್ಚನೆ ಗಾಳಿಗೆ ಅಲ್ಲಿ 'ಹರು ಇಚಿಬಾನ್' ಎಂಬ ಹೆಸರೇ ಇದೆ. ವಸಂತದ ಮೊದಲನೆಯದು ಎಂದು ಅರ್ಥ.

ದೊಡ್ಡ ಕೆರೆಗಳ ಪಕ್ಕದಲ್ಲಿರುವವರಿಗೆ ಇನ್ನೊಂದು ವಿಚಿತ್ರ ಕಾಣುತ್ತದೆ. ಉತ್ತರ ಅಮೆರಿಕದ ಈರಿ ಸರೋವರದ ಸರಾಸರಿ ಆಳ ಬರೀ 19 ಮೀಟರ್. ಅದು ಬೇಗ ಹೆಪ್ಪುಗಟ್ಟುತ್ತದೆ. ಮೇಲೆ ಮಂಜುಗಡ್ಡೆಯ ಮುಚ್ಚಳ ಬಿದ್ದ ಮೇಲೆ ಗಾಳಿಗೆ ತೇವ ಸಿಗುವುದು ಕಮ್ಮಿ. ಡಿಸೆಂಬರ್‌ನಲ್ಲಿ ದಡದ ಊರುಗಳನ್ನು ಹೂತುಹಾಕುವಂಥ ಹಿಮ ಫೆಬ್ರವರಿಯಲ್ಲಿ, ಚಳಿ ಜಾಸ್ತಿ ಇದ್ದರೂ, ಇಳಿಯುತ್ತದೆ. ಚಳಿ ಹೆಚ್ಚಾದರೆ ಹಿಮವೂ ಹೆಚ್ಚು ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಈಗ ನಿಮ್ಮ ಸ್ವೆಟರ್ ಮತ್ತು ಫ್ಯಾನ್. ಬಿಸಿ ಸೀಮೆಯಲ್ಲಿ ಚಳಿಗಾಲದ ಕೊನೆ ಎಂದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವಿನ ಅಂತರ. 15 ಡಿಗ್ರಿ ಉತ್ತರದಲ್ಲಿ ಡಿಸೆಂಬರ್ 21ರಿಂದ ಫೆಬ್ರವರಿ 20ರೊಳಗೆ ಹಗಲು ಬೆಳೆಯುವುದು ಹೆಚ್ಚುಕಮ್ಮಿ ಅರ್ಧ ಗಂಟೆ ಅಷ್ಟೇ. ಆದರೆ ನಡುಮಧ್ಯಾಹ್ನದ ಸೂರ್ಯ 52 ಡಿಗ್ರಿ ಎತ್ತರದಿಂದ 64ಕ್ಕೆ ಏರಿರುತ್ತಾನೆ. ಮಳೆ ನಿಂತು ಬಹಳ ದಿನವಾಗಿ ನೆಲ ಒಣಗಿರುತ್ತದೆ. ನೆಲದಲ್ಲಿ ತೇವ ಇದ್ದಿದ್ದರೆ ಬಿಸಿಲಿನ ಒಂದು ಪಾಲು ಅದನ್ನು ಆವಿ ಮಾಡಲು ಖರ್ಚಾಗುತ್ತಿತ್ತು. ಈಗ ಎಲ್ಲ ಶಾಖವೂ ನೆಲ, ಗಾಳಿಯನ್ನು ಕಾಯಿಸಲು ಸಿಗುತ್ತದೆ. ಮಧ್ಯಾಹ್ನ ಬಿಸಿಲು ಚುರುಗುಟ್ಟುವುದು ಹೀಗೆ. ಸಂಜೆಯಾದರೆ ಅದೇ ಒಣ ಗಾಳಿ ಶಾಖವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ತೇವ ಕಮ್ಮಿ, ಮೋಡ ಇಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ಚಳಿ. ಮಧ್ಯಾಹ್ನ ಅಲ್ಲಲ್ಲಿ ಏಳುವ ಸಣ್ಣ ಸುಳಿಗಾಳಿ, ತರಗೆಲೆಯನ್ನು ಎತ್ತಿಕೊಂಡು ತಿರುಗುವುದು, ನೆಲ ಎಷ್ಟು ಕಾದಿದೆ ಎಂಬುದಕ್ಕೆ ಒಳ್ಳೆಯ ಗುರುತು. ಮೊದಲ ಸುಳಿ ಕಂಡ ದಿನವನ್ನು ಬರೆದಿಡಿ.

ಬಿಸಿ ಸೀಮೆಯವರು ಕೇಳುವ ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಗಲು ಬೆಳೆಯುತ್ತಿದ್ದರೂ ಜನವರಿಯಲ್ಲಿ ಬೆಳಿಗ್ಗೆ ಇನ್ನೂ ಕತ್ತಲು ಯಾಕೆ? ಅವರ ಕಣ್ಣು ಸರಿಯಾಗೇ ನೋಡಿದೆ. ಭೂಮಿಯ ಅಕ್ಷ ಓರೆಯಾಗಿದೆ, ಸೂರ್ಯನ ಸುತ್ತ ಅದರ ವೇಗವೂ ವರ್ಷವಿಡೀ ಒಂದೇ ಇರುವುದಿಲ್ಲ. ಈ ಎರಡರಿಂದ ಡಿಸೆಂಬರ್, ಜನವರಿಯಲ್ಲಿ ಸೂರ್ಯನ ಮಧ್ಯಾಹ್ನ ದಿನಾ ಕೆಲವು ಸೆಕೆಂಡು ಗಡಿಯಾರಕ್ಕಿಂತ ಹಿಂದೆ ಬೀಳುತ್ತಾ ಹೋಗುತ್ತದೆ. ಉತ್ತರದ ಊರುಗಳಲ್ಲಿ ಹಗಲು ಬೇಗ ಬೇಗ ಬೆಳೆಯುವುದರಿಂದ ಇದು ಮುಚ್ಚಿಹೋಗುತ್ತದೆ. ಹಾಗಾಗಿ 40 ಡಿಗ್ರಿ ಉತ್ತರದಲ್ಲಿ ಅತಿ ತಡವಾದ ಸೂರ್ಯೋದಯ ಜನವರಿಯ ಮೊದಲ ವಾರದಲ್ಲಿ. 15 ಡಿಗ್ರಿಯ ಆಸುಪಾಸಿನಲ್ಲಿ ಅದು ಜನವರಿ ಮೂರನೇ ವಾರದವರೆಗೂ ಬರುವುದಿಲ್ಲ. ಸಂಜೆ ಬೆಳಕು ಜಾಸ್ತಿಯಾಗಿದ್ದು ಕಂಡರೂ ಬೆಳಿಗ್ಗೆ ಬದಲಾಗದಂತೆ ಅನ್ನಿಸುವುದು ಇದಕ್ಕೇ.

ಒಣ ಗಾಳಿಯ ಮಾತು ಬಂದಿತಲ್ಲ, ಪಶ್ಚಿಮ ಆಫ್ರಿಕಾದಲ್ಲಿ ಅದು ದೊಡ್ಡ ರೂಪದಲ್ಲಿದೆ. ಸಹಾರಾದಿಂದ ಬೀಸುವ ಹರ್ಮಟಾನ್ ಗಾಳಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಧೂಳು ಹೊತ್ತು ತರುತ್ತದೆ. ತುಟಿ ಒಡೆಯುತ್ತದೆ, ಮರದ ಸಾಮಾನು ಬಿರುಕು ಬಿಡುತ್ತದೆ, ಸೂರ್ಯ ಮಸುಕಾಗಿ ಕಾಣುತ್ತಾನೆ. ನಿಮ್ಮ ಅಕ್ಕನ ತುಟಿಯೂ ಒಡೆದಿರಬೇಕು, ಆದರೆ ಕಾರಣ ಬೇರೆ. ಮೈನಸ್ 10 ಡಿಗ್ರಿಯ ಗಾಳಿ ಹೊರಗೆ ತೇವದಿಂದ ತುಂಬಿಕೊಂಡಿದ್ದರೂ, ಮನೆಯೊಳಗೆ ಬಂದು 20 ಡಿಗ್ರಿಗೆ ಬಿಸಿಯಾದಾಗ, ಅದು ಹಿಡಿಯಬಲ್ಲ ತೇವದಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ಅದರಲ್ಲಿರುತ್ತದೆ. ಮರುಭೂಮಿಯ ಗಾಳಿಯಷ್ಟೇ ಒಣ.

ಇದಕ್ಕೆ ತೀರ ಉಲ್ಟಾ ದಕ್ಷಿಣ ಚೀನಾದಲ್ಲಿ. ಅಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ದಕ್ಷಿಣದ ಸಮುದ್ರದಿಂದ ಬೆಚ್ಚನೆ ತೇವದ ಗಾಳಿ ಒಮ್ಮೆಲೇ ನುಗ್ಗುತ್ತದೆ. ಗೋಡೆ, ನೆಲ ಇನ್ನೂ ತಣ್ಣಗಿರುತ್ತವೆ. ಅವುಗಳ ಮೇಲೆಲ್ಲ ನೀರು ಕೂರುತ್ತದೆ, ಮನೆಯೇ ಬೆವರಿದ ಹಾಗೆ. 'ಹುಯಿನಾನ್‌ಟಿಯಾನ್' ಎಂದು ಅದನ್ನು ಕರೆಯುತ್ತಾರೆ. ಆಗ ಕಿಟಕಿ ತೆರೆದರೆ ಒಣಗುವುದಿಲ್ಲ, ಇನ್ನಷ್ಟು ಒದ್ದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಒಂದು ವಾರ ಬೆಚ್ಚಗಾದರೆ ಚಳಿಗಾಲ ಮುಗಿಯಿತಾ? ಇಲ್ಲ. ದಯವಿಟ್ಟು ಅದನ್ನು ನಂಬಬೇಡಿ, ಅದರಲ್ಲೂ ಗಿಡ ಬೆಳೆಸುವವರು ನಂಬಬಾರದು. ಉತ್ತರದಲ್ಲಿ ಇನ್ನೂ ಕಡು ಚಳಿಯ ಗಾಳಿ ಕೂತಿರುತ್ತದೆ, ದಕ್ಷಿಣದಲ್ಲಿ ಆಗಲೇ ಬೆಚ್ಚನೆ ಗಾಳಿ ತಯಾರಾಗಿರುತ್ತದೆ. ಗಾಳಿ ಎತ್ತಲಿಂದ ತಿರುಗಿತೋ ಆ ಕಡೆಯ ಹವೆ ನಿಮ್ಮದಾಗುತ್ತದೆ. ಯೂರೋಪಿನ ಒಂದೇ ದಿನಾಂಕವನ್ನು ಎರಡು ವರ್ಷ ನೋಡಿ. 2018ರ ಫೆಬ್ರವರಿ 26ರಂದು ರೋಮ್ ನಗರದಲ್ಲಿ ಹಿಮ ಬಿದ್ದಿತ್ತು. ಪೂರ್ವದಿಂದ ಬಂದ ಚಳಿಗಾಳಿ ಬ್ರಿಟನ್‌ವರೆಗೂ ತಲುಪಿತ್ತು. 'ಬೀಸ್ಟ್ ಫ್ರಮ್ ದಿ ಈಸ್ಟ್' ಎಂದು ಪತ್ರಿಕೆಗಳು ಅದನ್ನು ಕರೆದವು. ಸರಿಯಾಗಿ ಒಂದು ವರ್ಷದ ನಂತರ, 2019ರ ಫೆಬ್ರವರಿ 26ರಂದು, ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ 21.2 ಡಿಗ್ರಿ. ಬ್ರಿಟನ್‌ನಲ್ಲಿ ಚಳಿಗಾಲದ ತಿಂಗಳೊಂದರಲ್ಲಿ ತಾಪಮಾನ 20 ದಾಟಿದ್ದು ಅದೇ ವಾರ ಮೊದಲು. ಎರಡೂ ವರ್ಷ ಹಗಲಿನ ಉದ್ದ ಒಂದೇ, ಸೂರ್ಯನ ಎತ್ತರ ಒಂದೇ. ಬದಲಾಗಿದ್ದು ಗಾಳಿಯ ದಾರಿ ಮಾತ್ರ.

2018ರ ಆ ಚಳಿಯ ಬೇರು ಇನ್ನೂ ಎರಡು ವಾರ ಹಿಂದಿತ್ತು. ಫೆಬ್ರವರಿ 12ರ ಸುಮಾರಿಗೆ ಧ್ರುವದ ಮೇಲೆ, ಹಲವು ಹತ್ತು ಕಿಲೋಮೀಟರ್ ಎತ್ತರದಲ್ಲಿ, ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಗಿ ಅಲ್ಲಿ ಸುತ್ತುವ ಗಾಳಿಯ ಚಕ್ರ ಒಡೆದಿತ್ತು. ಆ ಚಕ್ರ ಗಟ್ಟಿಯಾಗಿದ್ದರೆ ಚಳಿ ಉತ್ತರದಲ್ಲೇ ಉಳಿಯುತ್ತದೆ. ಒಡೆದರೆ ಅದರ ಪರಿಣಾಮ ಕೆಳಗಿಳಿದು ಚಳಿಗಾಳಿ ದಕ್ಷಿಣಕ್ಕೆ ಜಾರಬಹುದು. ಹೀಗೆ ಒಡೆಯುವುದು ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ಚಳಿಗಾಲದ ಕೊನೆ ಮೋಸ ಮಾಡುವುದಕ್ಕೆ ಇದೂ ಒಂದು ಕಾರಣ.

ಬೆಟ್ಟದ ಮಗ್ಗುಲಿನ ಊರುಗಳಲ್ಲಿ ಬದಲಾವಣೆಗೆ ವಾರವೂ ಬೇಕಿಲ್ಲ. ಅಮೆರಿಕದ ಸೌತ್ ಡಕೋಟಾದ ಸ್ಪಿಯರ್‌ಫಿಶ್ ಊರಿನಲ್ಲಿ 1943ರ ಜನವರಿ 22ರ ಬೆಳಿಗ್ಗೆ ಎರಡೇ ನಿಮಿಷದಲ್ಲಿ ತಾಪಮಾನ ಮೈನಸ್ 20ರಿಂದ 7 ಡಿಗ್ರಿಗೆ ಏರಿತು. ಬೆಟ್ಟ ಇಳಿದು ಬರುವ ಒಣ ಗಾಳಿ ಒತ್ತಡಕ್ಕೆ ಸಿಕ್ಕಿ ಪ್ರತಿ ಕಿಲೋಮೀಟರ್‌ಗೆ ಸುಮಾರು ಹತ್ತು ಡಿಗ್ರಿ ಬಿಸಿಯಾಗುತ್ತದೆ. ಅಲ್ಲಿ ಅದಕ್ಕೆ ಚಿನೂಕ್ ಎನ್ನುತ್ತಾರೆ.

ಚಿಕ್ಕಪ್ಪನ ಮಗ ಹೇಳಿದ್ದು ಪೂರ್ತಿ ಸರಿ. ದಕ್ಷಿಣಾರ್ಧ ಗೋಳದಲ್ಲಿ ಜೂನ್, ಜುಲೈ, ಆಗಸ್ಟ್ ಚಳಿಗಾಲ. ಆದರೆ ಅವರ ಆಗಸ್ಟ್ ನಿಮ್ಮ ಅಕ್ಕನ ಫೆಬ್ರವರಿಯ ನಕಲು ಅಲ್ಲ. ಆ ಅರ್ಧದಲ್ಲಿ ನೆಲ ಕಮ್ಮಿ, ನೀರು ಜಾಸ್ತಿ. ಸೈಬೀರಿಯಾದಂಥ ಚಳಿಯ ಕಣಜ ಅಲ್ಲಿ ಜನ ಇರುವ ಕಡೆ ಇಲ್ಲ. ಆಗಸ್ಟ್‌ನಲ್ಲಿ ಎತ್ತರದ ಜೋಹಾನ್ಸ್‌ಬರ್ಗ್‌ನಲ್ಲಿ ಒಣ ನೆಲ, ತಣ್ಣನೆ ಬೆಳಿಗ್ಗೆ, ಬಿಸಿಲಿನ ಮಧ್ಯಾಹ್ನ, ಧೂಳಿನ ಗಾಳಿ. ಅಂದರೆ ಅದು ಅಕ್ಕನದಕ್ಕಿಂತ ನಿಮ್ಮ ಫೆಬ್ರವರಿಗೇ ಹತ್ತಿರ. ಪೆರುವಿನ ಲಿಮಾದಲ್ಲಿ ಮಾತ್ರ ತಣ್ಣನೆ ಸಮುದ್ರದ ಮೇಲಿನ ಮೋಡ ವಾರಗಟ್ಟಲೆ ಕದಲುವುದಿಲ್ಲ. ಭಾವನ ತಮ್ಮನಿಗೆ ಅದನ್ನು ಹೇಳಿದರೆ ಸಮಾಧಾನವಾದೀತು.

ಬರೆದಿಡುವ ವಿಷಯ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬುವರು 1736ರಲ್ಲಿ ಹೀಗೆ ಬರೆಯಲು ಶುರು ಮಾಡಿದರು. ಮೊದಲ ಹೂ ಯಾವತ್ತು, ಮೊದಲ ಎಲೆ ಯಾವತ್ತು, ಕಪ್ಪೆ ಕೂಗಿದ್ದು ಯಾವತ್ತು. ಅವರ ಮನೆತನದವರು ಅದನ್ನು 1958ರವರೆಗೂ ನಡೆಸಿದರು. ಋತುಗಳು ಹೇಗೆ ಸರಿದಿವೆ ಎಂದು ತಿಳಿಯಲು ಇವತ್ತಿಗೂ ಆ ಬರಹ ಬೇಕಾಗುತ್ತದೆ. ಅವರು ದುಬಾರಿ ಸಲಕರಣೆ ಇಟ್ಟುಕೊಂಡಿರಲಿಲ್ಲ. ಪ್ರತಿ ವರ್ಷ ಅದೇ ವಿಷಯವನ್ನು ನೋಡಿದರು, ಅಷ್ಟೇ.

ನೀವೂ ಹಾಗೇ ಮಾಡಿ. ನಾಲ್ವರೂ ಒಂದೇ ವಿಷಯ ನೋಡಬೇಕು, ಅವರವರ ಊರಿನ ಒಂದೇ ಹೊತ್ತಿಗೆ. ಇಲ್ಲದಿದ್ದರೆ ಒಬ್ಬರ ಬೆಳಿಗ್ಗೆಯನ್ನು ಇನ್ನೊಬ್ಬರ ಮಧ್ಯಾಹ್ನದ ಜೊತೆ ಹೋಲಿಸಿದ ಹಾಗಾಗುತ್ತದೆ. ಸೂರ್ಯ ಹುಟ್ಟುವಾಗಿನ ತಾಪಮಾನ ಮತ್ತು ಮಧ್ಯಾಹ್ನ ಮೂರು ಗಂಟೆಯದು ಸಾಕು. ಥರ್ಮಾಮೀಟರ್ ನೆರಳಲ್ಲಿರಲಿ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಗೋಡೆಗೆ ಅಂಟಿಸದೆ. ಫೋನಿನಲ್ಲಿ ಕಾಣುವ ಸಂಖ್ಯೆಯನ್ನು ಬರೆಯಬೇಡಿ. ಅದು ನಿಮ್ಮ ಅಂಗಳದ್ದಲ್ಲ. ತಣ್ಣನೆ ಗಾಳಿ ಭಾರ, ಅದು ತಗ್ಗಿಗೆ ಹರಿಯುತ್ತದೆ. ಒಂದೇ ಊರಿನ ತಗ್ಗಿನ ಮನೆಗೂ ದಿಬ್ಬದ ಮನೆಗೂ ಬೆಳಿಗ್ಗೆ ಹಲವು ಡಿಗ್ರಿ ವ್ಯತ್ಯಾಸ ಇರಬಹುದು. ಹುಲ್ಲಿನ ಮೇಲೆ ಏನಿದೆ ಎಂದೂ ಬರೆಯಿರಿ. ಇಬ್ಬನಿಯಾ, ಬಿಳಿ ಹರಳಾ, ಏನೂ ಇಲ್ಲವಾ? ಥರ್ಮಾಮೀಟರ್ 3 ಡಿಗ್ರಿ ತೋರಿಸುವಾಗಲೂ ಹುಲ್ಲಿನ ತುದಿ ಹೆಪ್ಪುಗಟ್ಟಿರಬಹುದು, ಯಾಕೆಂದರೆ ಅದು ತನ್ನ ಸುತ್ತಲ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಗಾಳಿಯ ದಿಕ್ಕು ಒಂದು ಪದ, ಆಕಾಶ ಒಂದು ಪದ. ಮನೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು ಪ್ರತಿ ವರ್ಷ ಅದನ್ನೇ ನೋಡಿ.

ಈ ಭಾನುವಾರದಿಂದಲೇ ಶುರು ಮಾಡಿ. ಪ್ರತಿ ಊರಿಗೂ ಎರಡು ಪುಟ ಬಿಡಿ, ಎಡಕ್ಕೆ ಫೆಬ್ರವರಿ, ಬಲಕ್ಕೆ ಆಗಸ್ಟ್. ಚಿಕ್ಕಪ್ಪನ ಮಗನ ಬಲಗಡೆ ಪುಟ ತುಂಬಿದ ಮೇಲೆ ಅದನ್ನು ಅಕ್ಕನ ಎಡಗಡೆ ಪುಟದ ಪಕ್ಕ ಇಟ್ಟು ಓದಿ, ಆಮೇಲೆ ನಿಮ್ಮ ಎಡಗಡೆ ಪುಟದ ಪಕ್ಕ ಇಟ್ಟು ಓದಿ.